ಇಂಗ್ಲಿಷು ವಿದ್ಯಾಭ್ಯಾಸವೂ ವ್ಯಾಕರಣವೂ

ಇಂಗ್ಲಿಷು ಕಲಿಯುವುದಕ್ಕೆ ವ್ಯಾಕರಣದ ಅವಶ್ಯಕತೆಯೇ ಇಲ್ಲವೆಂಬ ಅಭಿಪ್ರಾಯವನ್ನು ನಮ್ಮ ನಗರದ ವಿದ್ಯಾವಂತರ ಬಾಯಿಂದಲೂ ಕೇಳುತ್ತಿದ್ದೇವೆ. ಭಾಷೆಯನ್ನು ಕೇಳಿ, ಆಡಿ ಕಲಿಯಬೇಕೇ ಹೊರತು ನಿಯಮಗಳನ್ನು ಉರುಹೊಡೆದು ಕಲಿಯಲಾಗದೆಂದೂ, ಮಕ್ಕಳಿಗೆ ಈ ಕಬ್ಬಿಣದ ಕಡಲೆಯನ್ನು ತಿನ್ನಿಸುವುದು ಕ್ರೌರ್ಯವೆಂದೂ ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂದು ನಂಬಿ ನಡೆದರೆ ನಷ್ಟವಾಗುವುದು ಯಾರಿಗೆ ಎಂಬುದನ್ನು ವಿಚಾರಿಸುವುದು ಅಗತ್ಯ.

ಮಂಗಳೂರಿನ ಮಗುವು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಪೇಟೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನು ಕಲಿಯುತ್ತದೆ. ಯಾವ ವ್ಯಾಕರಣ ಗ್ರಂಥವನ್ನೂ ಕಾಣದೆಯೇ ಎರಡು ಮೂರು ಭಾಷೆಗಳು ಅದರ ನಾಲಗೆಗೆ ಒಲಿಯುತ್ತವೆ. ಇಂಗ್ಲಿಷೂ ಹೀಗೆಯೇ ಏಕೆ ಒಲಿಯಬಾರದು ಎಂದು ಕೇಳುವುದು ಸಹಜ. ಉತ್ತರವು ಸರಳವಾಗಿದೆ. ತುಳುವು ಆ ಮಗುವಿನ ಕಿವಿಯ ಮೇಲೆ ಎಚ್ಚರವಿರುವಷ್ಟು ಹೊತ್ತೂ ಬೀಳುತ್ತಿರುತ್ತದೆ; ಇಂಗ್ಲಿಷು ಬೀಳುವುದು ಶಾಲೆಯ ಒಂದು ಪಾಠದ ಹೊತ್ತು ಮಾತ್ರ, ಅದೂ ರಜೆಗಳನ್ನು ಕಳೆದು.

ಈ ಚರ್ಚೆ ನಮ್ಮ ದೇಶಕ್ಕೆ ಹೊಸದಲ್ಲ. ಮಹಾಭಾಷ್ಯದ ಪ್ರಥಮ ಆಹ್ನಿಕದಲ್ಲಿಯೇ ಪತಂಜಲಿಯು ಇದನ್ನು ಎತ್ತಿಕೊಂಡಿದ್ದಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುತ್ತಾನೆ. ಆದರೆ ಮಾತು ಬೇಕಾದವನು ವೈಯಾಕರಣನ ಮನೆಗೆ ಹೋಗಿ ಶಬ್ದಗಳನ್ನು ಮಾಡಿಕೊಡೆಂದು ಕೇಳುವುದಿಲ್ಲವೆಂದು ಅವನೇ ಒಪ್ಪುತ್ತಾನೆ. ಅದೇ ಆಹ್ನಿಕದಲ್ಲಿ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಬೃಹಸ್ಪತಿಯು ಇಂದ್ರನಿಗೆ ಸಾವಿರ ದಿವ್ಯವರ್ಷಗಳ ಕಾಲ ಶಬ್ದಗಳನ್ನು ಒಂದೊಂದಾಗಿ ಹೇಳಿಕೊಟ್ಟರೂ ಕೊನೆ ಮುಟ್ಟಲಿಲ್ಲವಂತೆ. ಅಂತಹ ಗುರುವಿಗೂ ಅಂತಹ ಶಿಷ್ಯನಿಗೂ ಸಾಧ್ಯವಾಗದ್ದು ನೂರು ವರ್ಷ ಬಾಳುವ ಮನುಷ್ಯನಿಗೆ ಹೇಗೆ ಸಾಧ್ಯ? ಆದುದರಿಂದಲೇ ಸಾಮಾನ್ಯ ನಿಯಮವೊಂದು, ಅದಕ್ಕೆ ಅಪವಾದವೊಂದು ಎಂಬ ಹತ್ತಿರದ ದಾರಿ. ಲಾಘವವು ವ್ಯಾಕರಣದ ಮುಖ್ಯ ಪ್ರಯೋಜನಗಳಲ್ಲಿ ಒಂದು. ಸಮಯವು ಕಡಮೆಯಾದಷ್ಟೂ ನಿಯಮದ ಬೆಲೆ ಹೆಚ್ಚುವುದು.

ಇದಕ್ಕೆ ನಮ್ಮ ಊರೇ ಸಾಕ್ಷಿಯಾಗಿದೆ. ಬಾಸೆಲ್ ಮಿಶನಿನ ಜರ್ಮನರು ಪ್ರೌಢ ವಯಸ್ಸಿನಲ್ಲಿ ಇಲ್ಲಿಗೆ ಬಂದು ನಮ್ಮ ಭಾಷೆಗಳನ್ನು ಕಲಿತರು. ಮೋಗ್ಲಿಂಗರು 1843ರಲ್ಲಿಯೇ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಜನರ ಮಾತನ್ನು ಕೇಳಿದ್ದಷ್ಟರಿಂದ ತೃಪ್ತರಾಗಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಶೋಧಿಸಿ 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. 1894ರಲ್ಲಿ ಅವರ ನಿಘಂಟೂ 1903ರಲ್ಲಿ ಕನ್ನಡ ವ್ಯಾಕರಣವೂ ಹೊರಬಂದುವು. ತುಳುವಿಗೆ ಬ್ರಿಗೆಲರು 1872ರಲ್ಲಿಯೂ, ಕೊಂಕಣಿಗೆ ಮಾಫೆಯಿಯವರು 1882ರಲ್ಲಿಯೂ ಇಲ್ಲಿಯೇ ವ್ಯಾಕರಣಗಳನ್ನು ಅಚ್ಚು ಹಾಕಿಸಿದರು. ಪರಭಾಷೆಯನ್ನು ಕಲಿಯಲು ಹೊರಟವರು ಕಿವಿಯನ್ನೂ ತೆರೆದಿಟ್ಟರು, ವ್ಯಾಕರಣವನ್ನೂ ಕೈಬಿಡಲಿಲ್ಲ; ಇಲ್ಲದೆಡೆಯಲ್ಲಿ ತಾವೇ ಬರೆದುಕೊಂಡರು.

ವ್ಯಾಕರಣದ ನಿಯಮಗಳನ್ನು ಹೇಳದೆ ಇಂಗ್ಲಿಷು ಕಲಿಸುವ ಪ್ರಯೋಗವೂ ನಮ್ಮ ನಾಡಿನಲ್ಲಿ ನಡೆದಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯ ಬೆಂಬಲದೊಂದಿಗೆ ಶ್ರೀ ಎನ್. ಎಸ್. ಪ್ರಭು ಅವರು 1979ರಿಂದ 1984ರ ವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಮುಂದಿಟ್ಟು ಸಮಸ್ಯೆಗಳನ್ನು ಬಿಡಿಸಹೇಳುವುದು. ಅರ್ಥದ ಮೇಲೆ ಮನಸ್ಸು ನಿಂತರೆ ವ್ಯಾಕರಣವು ತಾನಾಗಿ ಒಳಗೆ ಕೂಡಿಕೊಳ್ಳುವುದೆಂಬುದು ಅವರ ನಂಬಿಕೆ. ಹಳೆಯ ಕ್ರಮದ ತರಗತಿಗಳೊಡನೆ ಹೋಲಿಸಿದಾಗ, ತಾನು ಕಲಿತ ಬಗೆಯ ಪರೀಕ್ಷೆಯಲ್ಲಿ ಆಯಾ ಪಕ್ಷವು ಮುಂದಾಯಿತು. ಎರಡಕ್ಕೂ ಸಮಾನವಾದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳೇ ಮೇಲೆನಿಸಿದರು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅಂತಹ ಪಾಠಕ್ಕೆ ಆದ್ಯಂತವಾಗಿ ಇಂಗ್ಲಿಷಿನಲ್ಲಿಯೇ ಸಲೀಸಾಗಿ ಮಾತನಾಡಬಲ್ಲ ಉಪಾಧ್ಯಾಯರು ಬೇಕು. ನಮ್ಮ ಹಳ್ಳಿಯ ಶಾಲೆಗಳಿಗೆಲ್ಲ ಅಂತಹವರನ್ನು ಎಲ್ಲಿಂದ ತರೋಣ?

ನಷ್ಟ ಯಾರಿಗೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ತಂದೆತಾಯಿಗಳು ಇಂಗ್ಲಿಷು ಆಡುವ ಮನೆಯ ಮಗುವಿಗೆ ಕಿವಿಯೇ ಗುರು. ಅದಕ್ಕೆ ವ್ಯಾಕರಣವಿಲ್ಲದಿದ್ದರೂ ನಡೆದೀತು. ಸುಳ್ಯ, ಬೆಳ್ತಂಗಡಿಗಳ ಗ್ರಾಮದಿಂದ ಬರುವ ಕೂಲಿಯವನ ಮಗುವಿಗೆ ಆ ಭಾಗ್ಯವಿಲ್ಲ. 2007ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬಂದಿದೆ. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮವೂ ಬಂದಿತು. ಬಾಗಿಲು ತೆರೆಯಿತು, ಕೈಗೆ ದೀಪ ಕೊಡಲಿಲ್ಲ. ಕೆನರಾ ಬ್ಯಾಂಕು, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಈ ಊರಿನ ಹುಡುಗನೇ ಬ್ಯಾಂಕಿನ ನೇಮಕಾತಿ ಪರೀಕ್ಷೆಗೆ ಕುಳಿತರೆ ಇಂಗ್ಲಿಷು ವಾಕ್ಯದಲ್ಲಿ ತಪ್ಪೆಲ್ಲಿದೆ ಎಂಬ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ವ್ಯಾಕರಣ ಬೇಡವೆಂದು ಶಾಲೆಯಲ್ಲಿ ಹೇಳಿ, ವ್ಯಾಕರಣದಿಂದಲೇ ಪರೀಕ್ಷೆಯಲ್ಲಿ ಅಳೆಯುವುದು ಯಾವ ಧರ್ಮ?

ಹಾಗೆಂದು ಲಕ್ಷಣಗಳನ್ನು ಗಿಳಿಪಾಠ ಒಪ್ಪಿಸುವ ಹಳೆಯ ಪದ್ಧತಿಯನ್ನು ನಾವು ಎತ್ತಿಹಿಡಿಯುತ್ತಿಲ್ಲ. ನೆಸ್‌ಫೀಲ್ಡರ ವ್ಯಾಕರಣವನ್ನೂ ರೆನ್ ಮತ್ತು ಮಾರ್ಟಿನರ ವ್ಯಾಕರಣವನ್ನೂ ಕಂಠಪಾಠ ಮಾಡಿಯೂ ನಾಲ್ಕು ಸಾಲಿನ ಅರ್ಜಿ ಬರೆಯಲಾರದವರು ಉಂಟು. ಕನ್ನಡ ಮಗುವಿನ ಕಾಲು ಎಲ್ಲಿ ಜಾರುವುದೆಂದು ಆ ಪುಸ್ತಕಗಳು ಹೇಳುವುದಿಲ್ಲ. ಅದನ್ನು ಹೇಳಬಲ್ಲುದು ಕನ್ನಡದೊಡನೆ ಹೋಲಿಸಿ ಕಲಿಸುವ ವ್ಯಾಕರಣ. ‘ಊರಿಗೆ’, ‘ಊರಿನಿಂದ’ ಎಂದು ನಮ್ಮ ವಿಭಕ್ತಿಯು ಪದದ ಕೊನೆಗೆ ಅಂಟುತ್ತದೆ. ಅವರ ‘ಟು’, ‘ಫ್ರಮ್’ಗಳು ಪದಕ್ಕೆ ಮೊದಲೇ ಬೇರೆಯಾಗಿ ನಿಲ್ಲುತ್ತವೆ. ‘ನಿನ್ನೆ ಬಂದ ಹುಡುಗ’ ಎಂದು ನಾವು ಕೃದಂತವನ್ನು ಮುಂದಿಡುತ್ತೇವೆ. ಅವರು ಹುಡುಗನನ್ನು ಮೊದಲು ನಿಲ್ಲಿಸಿ, ‘ಹೂ’ ಎಂಬ ಕೊಂಡಿಯನ್ನು ಹಾಕಿ, ಅವನು ಬಂದುದನ್ನು ಅನಂತರ ಹೇಳುತ್ತಾರೆ. ‘ಅವನಿಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನಲು ನಮಗೆ ಚತುರ್ಥಿಯೂ ‘ಇರು’ ಧಾತುವೂ ಸಾಕು. ಇಂಗ್ಲಿಷಿಗೆ ‘ಹ್ಯಾವ್’ ಎಂಬ ಬೇರೊಂದು ಧಾತು ಬೇಕು. ಈ ಭೇದವನ್ನು ತಿಳಿಯದವನೇ ‘ಹಿ ಈಸ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಬರೆಯುವನು. ‘ಎ’, ‘ದ’ಗಳ ತೊಡಕನ್ನು ಬಿಡಿಸಲು ಅಜ್ಜಿಕಥೆಯ ಆರಂಭವೇ ಸಹಾಯಕ್ಕೆ ಬರುತ್ತದೆ: ‘ಒಬ್ಬ ರಾಜನಿದ್ದನು; ಆ ರಾಜನಿಗೆ ಒಬ್ಬ ಮಗಳಿದ್ದಳು.’ ಮೊದಲ ಸಲ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಇಷ್ಟನ್ನು ಕನ್ನಡದಲ್ಲಿ ವಿವರಿಸಬಲ್ಲ ಉಪಾಧ್ಯಾಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆದುದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕಿರಿಯ ತರಗತಿಗಳಲ್ಲಿ ಕೇಳುವುದೂ ಆಡುವುದೂ ನಡೆಯಲಿ; ನಿಯಮ ಬೇಡ. ಐದನೆಯ ತರಗತಿಯಿಂದಾಚೆಗೆ, ಓದಿದ ಪಾಠದೊಳಗಿಂದಲೇ ನಿಯಮವನ್ನೆತ್ತಿ ಕನ್ನಡದೊಡನೆ ಹೋಲಿಸಿ ತೋರಿಸಲಿ. ಅದಕ್ಕೆ ತಕ್ಕ ಚಿಕ್ಕ ಪುಸ್ತಕವೊಂದನ್ನು ಬರೆಸಲಿ, ಉಪಾಧ್ಯಾಯರನ್ನು ತರಬೇತುಗೊಳಿಸಲಿ. ಎಲ್ಲಕ್ಕಿಂತ ಮೊದಲು ಕನ್ನಡ ವ್ಯಾಕರಣವನ್ನು ಅಂಕಗಳಿಗಾಗಿ ಮುಗಿಸುವ ಕೆಲಸವೆಂದೆಣಿಸದೆ ಕಲಿಸಲಿ. ತನ್ನ ಮಾತಿನಲ್ಲಿ ಕರ್ತೃ ಯಾವುದು, ಕರ್ಮ ಯಾವುದೆಂದು ಅರಿಯದ ಮಗು ಪರರ ಮಾತಿನಲ್ಲಿ ಅದನ್ನು ಹೇಗೆ ಗುರುತಿಸೀತು? ಇಂಗ್ಲಿಷು ಮಾಧ್ಯಮದ ಶಾಲೆಗಳಿಗೂ ಈ ಮಾತು ಸಲ್ಲುತ್ತದೆ.

ಪರಭಾಷೆಯನ್ನು ಬೆರಗಿನಿಂದ ಅನುಕರಿಸುವುದು ದಾಸನ ಕ್ರಮ. ಅದರ ಕಟ್ಟನ್ನು ಅರಿತು ಬಳಸುವುದು ಸ್ವತಂತ್ರನ ಕ್ರಮ. ಸ್ವತಂತ್ರ ದೇಶದ ಮಕ್ಕಳಿಗೆ, ಅದರಲ್ಲಿಯೂ ಬಡವರ ಮಕ್ಕಳಿಗೆ, ಎರಡನೆಯದನ್ನು ಕಲಿಸುವುದು ನಮ್ಮೆಲ್ಲರ ಹೊಣೆ.