ಕಾರವಾರದ ಮರಳು ಬಯಲಾಗಿಯೇ ಇರಲಿ

ಗೋವಾಕ್ಕೆ ಹೊರಟವರು ಕಾರವಾರವನ್ನು ಹೆದ್ದಾರಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಅಲ್ಲಿ ಇಳಿಯಿರಿ, ಒಂದೆರಡು ದಿನ ತಂಗಿರಿ ಎಂಬುದು ನನ್ನ ಮೊದಲ ಕೋರಿಕೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸೋದೆ ಅರಸರ ಸದಾಶಿವಗಡ ಕೋಟೆ, ದಕ್ಷಿಣಕ್ಕೆ ಬೈತಖೋಲ ಬಂದರು, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. 17ನೆಯ ಶತಮಾನದಲ್ಲಿ ಇಂಗ್ಲಿಷ್ ವರ್ತಕರು ಕಾಳುಮೆಣಸಿನ ಆಸೆಗೆ ಇಲ್ಲಿ ಕೋಠಿ ತೆರೆದರು. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಬಂದರು ಬೇಕೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದ ತರುಣ ರವೀಂದ್ರನಾಥ ಟಾಗೋರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಈ ಊರಲ್ಲಿ. ಇಂದು ಕಡಲತೀರಕ್ಕೆ ಅವರದೇ ಹೆಸರು.

ಆದರೆ ಆ ಮರಳು ಬರೀ ವಿಹಾರದ ಜಾಗವಲ್ಲ, ಅದು ರಂಪಣಿ ಎಂಬ ದಡಬಲೆ ಮೀನುಗಾರಿಕೆಯ ಜಾಗವೂ ಹೌದು. ದೋಣಿಯವರು ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗಿಳಿಸಿ ಬರುತ್ತಾರೆ. ದಡದಲ್ಲಿ ಹತ್ತಾರು ಜನ ಎರಡು ಸಾಲಾಗಿ ನಿಂತು ಹಗ್ಗ ಜಗ್ಗುತ್ತಾರೆ. ಬಂಗಡೆ, ತಾರಲೆ ಸಿಕ್ಕರೆ ಎಳೆದವರಿಗೆಲ್ಲ ಪಾಲು. ಇದಕ್ಕೆ ಇಂಧನ ಬೇಡ, ಬೇಕಾದದ್ದು ಅಡ್ಡಿಯಿಲ್ಲದ ಉದ್ದನೆಯ ಮರಳು. 1970ರ ದಶಕದಲ್ಲಿ ಯಂತ್ರಚಾಲಿತ ಪರ್ಸೀನ್ ದೋಣಿಗಳು ಬಂದಮೇಲೆ ರಂಪಣಿ ಸೊರಗಿತು. ಆಮೇಲೆ ಅರ್ಗಾ ಸುತ್ತಲಿನ ತೀರ ನೌಕಾನೆಲೆಗೆ ಹೋಯಿತು, ಸಾವಿರಾರು ಕುಟುಂಬಗಳು ಊರು ಬಿಟ್ಟವು. ದೇಶದ ರಕ್ಷಣೆಗಾಗಿ ಅಷ್ಟು ಕೊಟ್ಟವರ ಬಳಿ ಈಗ ಬಂದರಿಗಾಗಿ ಉಳಿದ ತೀರವನ್ನೂ ಕೇಳುವುದು ನ್ಯಾಯವೆ? 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದದ್ದು ಈ ಸಂಕಟದಿಂದಲೇ.

ಬಂದರು ಬೆಳೆದರೆ ಯುವಕರಿಗೆ ಕೆಲಸ ಸಿಗುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಲಸ ಅರಸಿ ಗೋವಾಕ್ಕೆ ಹೋಗುವ ಮಕ್ಕಳ ತಾಯ್ತಂದೆಯರಿಗೆ ಅದು ದೊಡ್ಡ ಮಾತೇ. ಆದರೆ ಹೊಸ ಕೆಲಸದ ಲೆಕ್ಕ ಹಾಕುವಾಗ ಈಗಿರುವ ದುಡಿಮೆಯನ್ನು ಸೊನ್ನೆಯೆಂದು ಹಿಡಿಯಬಾರದು. ಪ್ರವಾಸಿಗರು ಬಂದರೆ ತೀರ ಕೆಡುತ್ತದೆ ಎಂಬ ಆತಂಕವೂ ಸುಳ್ಳಲ್ಲ. ಅಂಗಡಿ, ಉದ್ಯಾನ, ಕಟ್ಟೆಗಳನ್ನು ಮರಳಿನ ಮೇಲೆ ತಂದರೆ ಕೆಟ್ಟೇ ಕೆಡುತ್ತದೆ. ಅವನ್ನು ರಸ್ತೆಯಂಚಿನಲ್ಲೇ ನಿಲ್ಲಿಸಿದರೆ ನೋಡಬಂದವರಿಗೂ ಬಲೆ ಎಳೆಯುವವರಿಗೂ ಜಾಗವಿರುತ್ತದೆ. ಆದ್ದರಿಂದ ಕಾರವಾರಕ್ಕೆ ಬನ್ನಿ. ಮೀನನ್ನು ಪೇಟೆಯ ಮೀನುಗಾರ ಹೆಂಗಸರಿಂದಲೇ ಕೊಳ್ಳಿ, ಬಲೆ ಬಿದ್ದಾಗ ದಾರಿ ಬಿಡಿ, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಿರಿ. ಜಿಲ್ಲೆಯ ಬಂಧುಗಳೇ, ತೀರದ ಮೇಲೆ ಯಾವುದೇ ಯೋಜನೆಯ ಅಹವಾಲು ಸಭೆ ಕರೆದಾಗ ಮೀನುಗಾರರನ್ನಷ್ಟೇ ಕಳಿಸಿ ಮನೆಯಲ್ಲಿ ಕೂರಬೇಡಿ, ನೀವೂ ಹೋಗಿ ಮಾತಾಡಿ.