ಆದೇಶ ನ್ಯಾಯಾಲಯದ್ದು, ಬಂದೂಕು ಇನ್ನೂ ಅವನದ್ದೇ

ಟೆಕ್ಸಸ್‌ನ ಒಂದು ಮನೆಯನ್ನು ಪೊಲೀಸರು ವಾರಂಟ್ ಹಿಡಿದು ಶೋಧಿಸಿದಾಗ ಒಂದು ಪಿಸ್ತೂಲು, ಒಂದು ರೈಫಲ್, ಗುಂಡುಗಳು ಸಿಕ್ಕವು. ಜೊತೆಗೆ ನ್ಯಾಯಾಲಯದ ಆದೇಶದ ಒಂದು ಪ್ರತಿಯೂ ಇತ್ತು. ಗೆಳತಿಯ ಮೇಲೆ ಕೈಮಾಡಿದ್ದಕ್ಕೆ 2020ರ ಫೆಬ್ರವರಿಯಲ್ಲಿ ಆ ಮನೆಯ ರಹೀಮಿ ಎಂಬಾತನ ಮೇಲೆ ಹೊರಟಿದ್ದ ನಿರ್ಬಂಧಕ ಆದೇಶವದು. ಅದು ಜಾರಿಯಲ್ಲಿರುವಷ್ಟು ಕಾಲ ಆತ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಆದೇಶ ಅವನ ಕೈ ಸೇರಿತ್ತು, ಆದರೂ ಬಂದೂಕುಗಳು ಮನೆಯಲ್ಲೇ ಇದ್ದವು. ಪೊಲೀಸರು ಆ ಮನೆಗೆ ಹೋದದ್ದು ಆ ಹೆಣ್ಣುಮಗಳಿಗೆ ಸಿಕ್ಕ ಆದೇಶವನ್ನು ಜಾರಿ ಮಾಡಲಿಕ್ಕಲ್ಲ, ಬೇರೆ ಕಡೆ ನಡೆದ ಸರಣಿ ಗುಂಡಿನ ದಾಳಿಗಳ ತನಿಖೆಗೆ.

ಈ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ‘ಯುನೈಟೆಡ್ ಸ್ಟೇಟ್ಸ್ ವಿರುದ್ಧ ರಹೀಮಿ’ ಎಂದೇ ಹೆಸರಾದ ಅದರ ತೀರ್ಪು 2024ರ ಜೂನ್ 21ರಂದು ಬಂತು. ಸಂಗಾತಿಯನ್ನು ಹಿಂಸಿಸಿ ಇಂಥ ಆದೇಶಕ್ಕೆ ಒಳಗಾದವರಿಗೆ ಬಂದೂಕು ನಿಷೇಧಿಸುವ 1994ರ ಕಾನೂನನ್ನು ಎಂಟು ನ್ಯಾಯಮೂರ್ತಿಗಳು ಎತ್ತಿಹಿಡಿದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಹೆಣ್ಣುಮಕ್ಕಳ ಪರ ದುಡಿಯುವವರು ನಿಟ್ಟುಸಿರು ಬಿಟ್ಟದ್ದು ಸಹಜವೇ. ಆದರೆ ಅವನ ಮನೆಗೆ ಹೋಗಿ ಬಂದೂಕನ್ನು ಹೊರತರುವವರು ಯಾರು ಎಂಬ ಪ್ರಶ್ನೆ ಆ ತೀರ್ಪಿನ ಆಚೆಗೇ ಉಳಿಯಿತು.

1994ರ ಕಾನೂನು ಬಂದೂಕು ಇಟ್ಟುಕೊಳ್ಳುವುದು ಅಪರಾಧ ಎನ್ನುತ್ತದೆ, ಅಷ್ಟೇ. ಯಾರ ಕೈಗೆ ಒಪ್ಪಿಸಬೇಕು, ಎಷ್ಟು ಹೊತ್ತಿನಲ್ಲಿ, ಒಪ್ಪಿಸಿದ್ದಾನೋ ಇಲ್ಲವೋ ಎಂದು ನೋಡುವವರು ಯಾರು ಎಂಬುದನ್ನೆಲ್ಲ ರಾಜ್ಯಗಳಿಗೆ ಬಿಟ್ಟಿದೆ. ಕೆಲವು ರಾಜ್ಯಗಳಲ್ಲಿ ಬಂದೂಕನ್ನು ನೆಂಟನಿಗೋ ಗೆಳೆಯನಿಗೋ ಕೊಟ್ಟೆ ಎಂದರೂ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ನಿಯಮ ಬಿಗಿಯಾಗಿದೆ: ಆದೇಶ ಕೈಗೆ ಬಂದ 24 ಗಂಟೆಯೊಳಗೆ ಬಂದೂಕನ್ನು ಪೊಲೀಸರಿಗೆ ಒಪ್ಪಿಸಬೇಕು ಇಲ್ಲವೇ ಲೈಸೆನ್ಸ್ ಇರುವ ವ್ಯಾಪಾರಿಗೆ ಕೊಡಬೇಕು, 48 ಗಂಟೆಯೊಳಗೆ ರಸೀದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಬೇಕು. ಆದರೂ ಅದೇ ರಾಜ್ಯದ ಸರ್ಕಾರಿ ಪಟ್ಟಿಯಲ್ಲಿ, ನಾನಾ ಕಾರಣಗಳಿಂದ ನಿಷೇಧಕ್ಕೆ ಒಳಗಾಗಿಯೂ ದಾಖಲೆಯ ಪ್ರಕಾರ ಬಂದೂಕು ಉಳಿಸಿಕೊಂಡವರ ಸಂಖ್ಯೆ 20,000 ದಾಟಿತ್ತು. ಬಹುತೇಕ ರಾಜ್ಯಗಳಲ್ಲಿ ಅಂಥ ಪಟ್ಟಿಯೂ ಇಲ್ಲ. ಬಂದೂಕು ಮಾಲೀಕರ ರಾಷ್ಟ್ರೀಯ ನೋಂದಣಿಯನ್ನು 1986ರ ಕಾನೂನು ನಿಷೇಧಿಸಿದೆ.

2022ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲೇ, ಸ್ಯಾಕ್ರಮೆಂಟೊದ ಚರ್ಚೊಂದರಲ್ಲಿ, ನಿರ್ಬಂಧಕ ಆದೇಶಕ್ಕೆ ಒಳಗಾಗಿದ್ದ ತಂದೆಯೊಬ್ಬ ತನ್ನ ಮೂವರು ಹೆಣ್ಣುಮಕ್ಕಳನ್ನೂ ಅವರ ಭೇಟಿಯ ಮೇಲ್ವಿಚಾರಣೆಗೆ ಬಂದಿದ್ದವರನ್ನೂ ಕೊಂದು ತಾನೂ ಸತ್ತ. ಅವನ ಕೈಯಲ್ಲಿದ್ದದ್ದು ಯಾವ ದಾಖಲೆಗೂ ಸಿಗದ ‘ಘೋಸ್ಟ್ ಗನ್’. ಕಡತದಲ್ಲಿ ಇರುವುದನ್ನಷ್ಟೇ ಹುಡುಕುವ ವ್ಯವಸ್ಥೆಯ ಕಣ್ಣಿಗೆ ಇಂಥ ಬಂದೂಕು ಬೀಳುವುದಿಲ್ಲ.

ಪೊಲೀಸರ ಪಾಲೇನು ಎಂದು ಕೇಳುವವರು ಕೊಲೊರಾಡೊದ ಕ್ಯಾಸಲ್ ರಾಕ್ ಪಟ್ಟಣದ ಕಥೆಯನ್ನು ಮರೆಯಬಾರದು. 1999ರ ಜೂನ್‌ನ ಒಂದು ಸಂಜೆ, ಆದೇಶಕ್ಕೆ ಒಳಗಾಗಿದ್ದ ಗಂಡ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ತಾಯಿ ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಹತ್ತು ಗಂಟೆಯವರೆಗೆ ಕಾಯಿರಿ ಎಂದರು, ಆಮೇಲೆ ಮಧ್ಯರಾತ್ರಿಯವರೆಗೆ ಎಂದರು. ಕೊನೆಗೆ ಆಕೆಯೇ ಠಾಣೆಗೆ ಹೋಗಿ ದೂರು ಬರೆಸಿದಳು. ಆ ಸಂಜೆಯೇ ಆತ ಪಿಸ್ತೂಲು ಕೊಂಡಿದ್ದ. ನಸುಕಿನ 3.20ಕ್ಕೆ ಠಾಣೆಯೆದುರು ಬಂದು ಗುಂಡು ಹಾರಿಸಿ ಪೊಲೀಸರ ಗುಂಡಿಗೆ ಸತ್ತ. ಮೂವರು ಮಕ್ಕಳ ಹೆಣಗಳು ಅವನ ವಾಹನದಲ್ಲಿದ್ದವು. ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕೆಂದು ಕೇಳುವ ಸಾಂವಿಧಾನಿಕ ಹಕ್ಕು ಆ ತಾಯಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ 7–2ರ ಬಹುಮತದಿಂದ ತೀರ್ಪು ಕೊಟ್ಟಿತು. ಅಂತರ-ಅಮೆರಿಕನ್ ಮಾನವ ಹಕ್ಕುಗಳ ಆಯೋಗ 2011ರಲ್ಲಿ ಅಮೆರಿಕವನ್ನೇ ತಪ್ಪಿತಸ್ಥ ಎಂದಿತಾದರೂ ಆ ತೀರ್ಪು ಬದಲಾಗಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಆದೇಶವನ್ನು ತಲುಪಿಸುವ ಕೈಯೇ ಬಂದೂಕನ್ನೂ ತರಬೇಕು, ಅದೂ ಅದೇ ಭೇಟಿಯಲ್ಲಿ. ಹಿಂಸಿಸುವ ಗಂಡಸಿಗೆ ಬಂದೂಕು ಎಟುಕುವಂತಿದ್ದರೆ ಹೆಂಗಸು ಕೊಲೆಯಾಗುವ ಸಾಧ್ಯತೆ ಐದು ಪಟ್ಟು ಹೆಚ್ಚು ಎಂದು 2003ರಲ್ಲಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 11 ನಗರಗಳ ಅಧ್ಯಯನದಿಂದ ತೋರಿಸಿದರು. ಆಕೆ ಬಿಟ್ಟು ಹೊರಟ ಗಳಿಗೆಯಲ್ಲೇ ಅಪಾಯ ಏರುತ್ತದೆ. ಅಂಥ ಹೊತ್ತಿನಲ್ಲಿ ಆದೇಶ ಕೊಟ್ಟು ಅವನಿಗೆ ಒಂದಿಡೀ ದಿನದ ಗಡುವು ಬಿಡುವುದೆಂದರೆ ಆಕೆಯ ಪ್ರಾಣವನ್ನು ಅವನ ಸದ್ಬುದ್ಧಿಗೆ ಒಪ್ಪಿಸಿದಂತೆ. ಆ ಸದ್ಬುದ್ಧಿ ಇದ್ದಿದ್ದರೆ ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಇದು ಆಗದ ಕೆಲಸವಲ್ಲ. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ 2018ರಿಂದ ಪೊಲೀಸರು, ಪ್ರಾಸಿಕ್ಯೂಟರ್‌ಗಳು ಮತ್ತು ಸಂತ್ರಸ್ತರ ನೆರವಿಗೆ ನಿಂತವರು ಸೇರಿ ಇದಕ್ಕೆಂದೇ ಒಂದು ಘಟಕ ನಡೆಸುತ್ತಿದ್ದಾರೆ. ಅವರು ಮೊದಲು ಕೇಳುವುದು ಆಕೆಯನ್ನು. ಯಾವ ಬೀರುವಿನಲ್ಲಿ ಯಾವ ಬಂದೂಕಿದೆ, ಕಾರಿನಲ್ಲಿ ಏನಿದೆ ಎಂಬುದು ಯಾವ ನೋಂದಣಿ ಪುಸ್ತಕಕ್ಕಿಂತಲೂ ಆಕೆಗೆ ಚೆನ್ನಾಗಿ ಗೊತ್ತು. ಅವನು ಒಪ್ಪಿಸಿದನೇ ಎಂಬುದನ್ನು ನ್ಯಾಯಾಧೀಶರು ಮತ್ತೆ ವಿಚಾರಣೆಗೆ ಕರೆದು ನೋಡುತ್ತಾರೆ. ಆ ಸೀಮೆಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ನೆಲೆಸಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ತಿಳಿದಿರಲಿ: ಇಂಥ ಆದೇಶ ಕೇಳಲು ಪೌರತ್ವ ಬೇಕಿಲ್ಲ, ವೀಸಾ ಯಾವುದಾದರೂ ಸರಿ. ಮನೆಯಲ್ಲಿ ಬಂದೂಕಿದ್ದರೆ ಅರ್ಜಿಯಲ್ಲಿ ತಪ್ಪದೆ ಬರೆಯಿರಿ.

ವಿಚಾರಣೆಗೆ ಮೊದಲೇ ಒಬ್ಬನ ಹಕ್ಕು ಕಸಿಯುವುದು ಸರಿಯೇ ಎಂಬ ಆಕ್ಷೇಪ ಹಗುರವಾದುದಲ್ಲ. ಫೆಡರಲ್ ನಿಷೇಧ ಜಾರಿಗೆ ಬರುವುದು ಆತನಿಗೆ ನೋಟಿಸ್ ಕೊಟ್ಟು, ತನ್ನ ಮಾತು ಹೇಳಲು ಅವಕಾಶ ಕೊಟ್ಟ ಮೇಲೆಯೇ. ಆದೇಶದ ಅವಧಿ ಮುಗಿದರೆ, ಬೇರೆ ಅಡ್ಡಿಯಿಲ್ಲದಿದ್ದರೆ, ಬಂದೂಕು ಮರಳಿ ಸಿಗಬೇಕು. ತಪ್ಪಾಗಿ ಪಡೆದ ಬಂದೂಕನ್ನು ಹಿಂತಿರುಗಿಸಬಹುದು, ಹೋದ ಜೀವವನ್ನು ಹಿಂತಿರುಗಿಸಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ.

ಬಂದೂಕು ಒಪ್ಪಿಸಿಕೊಂಡು ರಸೀದಿ ಕೊಡುವ ಕೆಲಸ ನಮ್ಮ ಪೊಲೀಸರಿಗೂ ಹೊಸದಲ್ಲ. ಪ್ರತಿ ಚುನಾವಣೆಗೂ ಮಲೆನಾಡು, ಕರಾವಳಿಯ ಕೃಷಿಕರು ಹಂದಿ, ಮಂಗಗಳ ಕಾಟದ ನಡುವೆಯೂ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತಾ ಬಂದಿದ್ದಾರೆ. ಮತದಾನದ ಶಾಂತಿಗಾಗಿ ಆಗುವ ಕೆಲಸ ಮನೆಯೊಳಗಿನ ಹೆಣ್ಣಿನ ಜೀವಕ್ಕಾಗಿ ಆಗಬಾರದೇಕೆ? ಸಾರ್ವಜನಿಕ ಸುರಕ್ಷತೆಗಾಗಿ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಕೊಡುವ ಪ್ರತಿ ಮ್ಯಾಜಿಸ್ಟ್ರೇಟರೂ ‘ಮನೆಯಲ್ಲಿ ಕೋವಿ ಇದೆಯೇ?’ ಎಂದು ಕೇಳಲಿ, ಇದ್ದರೆ ಅದೇ ದಿನ ಜಿಲ್ಲಾಧಿಕಾರಿಗೂ ಠಾಣೆಗೂ ಪತ್ರ ಹೋಗಲಿ. ಅಮೆರಿಕವಿರಲಿ, ಇಲ್ಲಿರಲಿ, ರಕ್ಷಣೆ ಕೊಟ್ಟೆವೆಂದು ಹೇಳುವ ಅರ್ಹತೆ ಸರ್ಕಾರಕ್ಕೆ ಬರುವುದು ಆ ಬಂದೂಕು ಠಾಣೆಯ ಬೀಗದೊಳಗೆ ಸೇರಿದ ಮೇಲೆ.