ರಾಗಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನಮ್ಮಲ್ಲಿ ರಾಗಿಯ ಗುಣಗಾನ ಬಹಳವಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು, ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ, ಎಂಬ ಪಟ್ಟಿಯನ್ನು ವಾಚಕರು ಹಲವು ಸಲ ಕಂಡಿರಬೇಕು. ಪಟ್ಟಿ ಸರಿಯೇ. ಆದರೆ ಇಷ್ಟು ಒಳ್ಳೆಯ ಧಾನ್ಯವನ್ನು ಜನರು ಕೈಬಿಟ್ಟದ್ದು ಅಜ್ಞಾನದಿಂದ, ತಿಳಿಯಹೇಳಿದರೆ ರೈತ ಬೆಳೆದಾನು, ಗೃಹಸ್ಥ ಕೊಂಡಾನು, ಎಂದು ಅದರ ಬೆನ್ನಿಗೇ ಬರುವ ತೀರ್ಮಾನ ನಮಗೆ ಒಪ್ಪಿಗೆಯಾಗಿಲ್ಲ.

ರೈತನು ರಾಗಿಯನ್ನು ಬರಿಯ ಕಾಳೆಂದು ಕಾಣುವವನಲ್ಲ. ಅದರ ಹುಲ್ಲು ಮೆದೆಯಾಗಿ ನಿಂತು ಬೇಸಗೆಯುದ್ದಕ್ಕೂ ದನಗಳನ್ನು ಸಾಕುತ್ತದೆ. ಕಾಳನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಮಳೆ ಕೈಕೊಟ್ಟ ವರ್ಷಕ್ಕೆ ಹಿಂದಿನವರಿಗೆ ಇದ್ದ ವಿಮೆಯೇ ಅದು. ಇಷ್ಟೆಲ್ಲ ಬಲ್ಲವನು ರಾಗಿಯಿಂದ ವಿಮುಖನಾದುದೇಕೆ? ದುಡಿಮೆಯ ಕೈಗಳು ಸಾಲದೆ ಬಂದುವು. ಕಳೆ, ಕೊಯ್ಲು, ಒಕ್ಕಣೆ, ಮೂರಕ್ಕೂ ಆಳು ಬೇಕು. 1980ರ ದಶಕದಲ್ಲಿ ಕೋಲಾರದ ಕಡೆಯ ಎಷ್ಟೋ ರಾಗಿಯ ಹೊಲಗಳಿಗೆ ನೀಲಗಿರಿ ಬಂದಿತಷ್ಟೆ. ನೆಟ್ಟ ಮೇಲೆ ಆಳುಗಳ ಗೋಜಿಲ್ಲವೆಂಬುದು ಅದಕ್ಕೆ ಒಂದು ಮುಖ್ಯ ಕಾರಣ.

ಸುಗ್ಗಿಯ ಕಾಲದಲ್ಲಿ ತುಮಕೂರು, ರಾಮನಗರದ ಕಡೆ ಪ್ರಯಾಣ ಮಾಡಿದವರು ಇನ್ನೊಂದನ್ನು ನೋಡಿರುತ್ತಾರೆ. ಕೊಯ್ದ ರಾಗಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಹಾಯುವ ಬಸ್ಸು ಲಾರಿಗಳು ಒಕ್ಕಣೆ ಮಾಡಿಕೊಡುತ್ತವೆ. ಇದರಿಂದ ಸವಾರರಿಗೆ ಅಪಾಯ, ಕಾಳಿಗೆ ಕಲ್ಲುಮಣ್ಣು. ನಾವು ಇದನ್ನು ಸಮರ್ಥಿಸುವುದಿಲ್ಲ. ಆದರೂ ಭೌತವಿಜ್ಞಾನದ ಪಾಠ ಹೇಳುವ ನಮಗೆ ಅಲ್ಲಿರುವ ಲೆಕ್ಕ ಕಾಣದೆ ಹೋಗದು. ರೋಣಗಲ್ಲನ್ನು ಎಳೆಯಲು ಮನೆಯಲ್ಲಿ ಎತ್ತುಗಳಿಲ್ಲ. ಬಸ್ಸಿನ ಹತ್ತಾರು ಟನ್ನು ತೂಕಕ್ಕೆ ಬಾಡಿಗೆಯಿಲ್ಲ! ಇಂಥ ಲೆಕ್ಕ ಹಾಕುವವನನ್ನು ಅಜ್ಞಾನಿಯೆನ್ನುವುದು ಹೇಗೆ?

ಬೆಲೆಯೊಂದೇ ಅವನನ್ನು ತಿರುಗಿಸಲಾರದು. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರವು ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ರಾಗಿಗೆ 4,886 ರೂಪಾಯಿ, ಸಾಮಾನ್ಯ ಬತ್ತಕ್ಕೆ 2,369. ಎರಡರಷ್ಟು ಬೆಲೆಯಿದ್ದರೂ ಕೃಷ್ಣರಾಜಸಾಗರದ ನಾಲೆಯ ನೀರು ಹಾಯುವ ಮಂಡ್ಯದ ಬಯಲಿನಲ್ಲಿ ಬತ್ತ, ಕಬ್ಬುಗಳೇ ಹಬ್ಬಿವೆ.

ಇನ್ನು ಉಣ್ಣುವವರ ಮಾತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮುದ್ದೆ ದುಡಿಮೆಯ ಊಟ, ಅನ್ನ ಹಬ್ಬದ ಊಟ. ನೆಂಟರಿಗೆ ಅನ್ನವಿಕ್ಕದಿದ್ದರೆ ಮನೆಯ ಮರ್ಯಾದೆಗೆ ಕುಂದು. ಗಿರಣಿಯಲ್ಲಿ ತೌಡಿನೊಡನೆ ಅಕ್ಕಿಯ ಬಿ1 ಜೀವಸತ್ವದ ಬಹುಭಾಗ ಹೋಗುವುದೆಂದು ವಿಜ್ಞಾನವು ಹೇಳೀತು; ಆ ಬಿಳುಪಿನಲ್ಲಿ ಬಡವನು ಕಂಡದ್ದು ಗೌರವವನ್ನು. ಹೆಂಗಸರ ಶ್ರಮವನ್ನಂತೂ ಯಾವ ಪಟ್ಟಿಯೂ ಹೇಳುವುದಿಲ್ಲ. ಕುದಿಯುವ ಹಿಟ್ಟನ್ನು ಕೋಲಿನಿಂದ ಗಂಟಾಗದಂತೆ ತೊಳಸಲು ತೋಳಿನ ಬಲ ಬೇಕು, ಒಲೆಯ ಮುಂದೆ ನಿಂತಿರಬೇಕು. ಅಕ್ಕಿಯನ್ನು ಕುಕ್ಕರಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ಈಗ ಸಕ್ಕರೆ ಕಾಯಿಲೆಯ ಭಯದಿಂದ ಪಟ್ಟಣದ ಸ್ಥಿತಿವಂತರು ರಾಗಿಯನ್ನು ಅಂದವಾದ ಪೊಟ್ಟಣದಲ್ಲಿ ಕೊಳ್ಳುತ್ತಿದ್ದಾರೆ. ಕಾಳು ಅದೇ, ಮರ್ಯಾದೆ ಮಾತ್ರ ಹೊಸದು.

ವಿಜ್ಞಾನಿಗಳು ರಾಗಿಗೆ ಏನೂ ಮಾಡಲಿಲ್ಲವೆಂದಲ್ಲ. ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಸಂಕರಿಸಿ ಪಡೆದ ಇಂಡಾಫ್ ತಳಿಗಳು ಇಳುವರಿಯನ್ನು ಬಹುವಾಗಿ ಹೆಚ್ಚಿಸಿದುವು. ರಾಗಿಯ ಹೂವು ಎಷ್ಟು ಸಣ್ಣದೆಂದು ಬಲ್ಲವರಿಗೆ ಆ ಕೆಲಸದ ಕಷ್ಟ ತಿಳಿದೀತು. ಇಂದಿನ ಸಂಶೋಧಕರಲ್ಲಿ ನಮ್ಮ ಕೋರಿಕೆ ಇಷ್ಟು: ಹೊಸ ತಳಿಯ ವರದಿಯಲ್ಲಿ ಎಕರೆಗೆ ಬರುವ ಕಾಳಿನ ತೂಕದ ಪಕ್ಕದಲ್ಲಿಯೇ ಹುಲ್ಲಿನ ತೂಕವನ್ನೂ, ಕ್ವಿಂಟಲು ಕಾಳು ಒಕ್ಕಲು ಹಿಡಿಯುವ ಗಂಟೆಗಳನ್ನೂ ಅಚ್ಚು ಹಾಕಲಿ. ಎರಡು ಎಕರೆಯವನಿಗೆ ಎಟಕುವ ಬಾಡಿಗೆಯಲ್ಲಿ ಒಕ್ಕಣೆ ಯಂತ್ರವು ಊರೂರಿಗೆ ದೊರೆಯಲಿ. ಅಷ್ಟಾದ ಮೇಲೆ ಸುಣ್ಣದ ಅಂಶವನ್ನು ಕುರಿತ ಉಪನ್ಯಾಸಕ್ಕೆ ನಾವೂ ಬಂದು ಕುಳಿತುಕೊಳ್ಳುತ್ತೇವೆ.